ನಮ್ಮ ಮನೆಯ ಹಸಿವಿನ ಸುದ್ದಿ

ಸೇಂಟ್ ಓಡೀಲ್, ಲೂಸಿಯಾನ
ಡಿಸೆಂಬರ್ 9, 2018, ಭಾನುವಾರ, ಪೂಜೆ ಮುಗಿಸಿ ಬಂದ ಮೇಲೆ

ನನ್ನ ಮುದ್ದು ಅಝೇಲಿ,

ಹೇಗಿದ್ದೀಯ ಮಗಳೇ? ನಿಮ್ಮ ಕಡೆ ಹಿಮ ಬಿದ್ದಿದೆ ಎಂದು ಟೀವಿಯಲ್ಲಿ ತೋರಿಸಿದರು. ಕಿವಿ ಮುಚ್ಚಿಕೊಂಡು ಓಡಾಡುತ್ತೀಯೋ, ಇಲ್ಲ ಕೂದಲು ಕೆಡುತ್ತದೆಂದು ನಾನು ಹೆಣೆದ ಟೋಪಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೀಯೋ? ಕೆಮ್ಮು ಹೋಯಿತೇ? ಎದೆಗೆ ಹಚ್ಚುವ ಮುಲಾಮು ಮುಗಿದಿದ್ದರೆ ಹೇಳು, ಕಳಿಸುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಮಂಡಿ ಹಾಗೇ ಇದೆ. ನಿನ್ನ ಅಜ್ಜನ ಸಕ್ಕರೆ ಹತೋಟಿಯಲ್ಲಿದೆ, ಮಾತು ಮಾತ್ರ ನಿಂತುಹೋಗಿದೆ. ನೀನು ಫೋನಿಗೆ ಸಿಗುವುದಿಲ್ಲ. ನಿಮ್ಮಮ್ಮ ಅಷ್ಟುದ್ದ ಮೆಸೇಜು ಕಳಿಸಿದರೆ "ಚೆನ್ನಾಗಿದ್ದೀನಿ" ಎಂದು ಒಂದೇ ಪದ ಹಾಕಿ ಸುಮ್ಮನಾದೆಯಂತೆ. ಒಂದು ಪದಕ್ಕೆ ನಾನು ನಂಬುವವಳಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಕೂತೆ ಅನ್ನುವುದೂ ಅಷ್ಟಕ್ಕಷ್ಟೇ. ಇಷ್ಟು ಬರೆಯುವಷ್ಟರಲ್ಲಿ ಎದ್ದು ಹೋಗಿ ಒಲೆ ಆರಿಸಿ ಬಂದೆ. ನೋಡಿದರೆ ಒಲೆ ಹಚ್ಚೇ ಇರಲಿಲ್ಲ.

ಇಲ್ಲಿಯ ಸುದ್ದಿ ನಿನಗೆ ಗೊತ್ತೇ ಇದೆ. ಆದರೆ ನೀನು ಅಲ್ಲಿ ಓದುವುದೇ ಬೇರೆ, ಇಲ್ಲಿ ನಮ್ಮ ಬೀದಿಯಲ್ಲಿ ನಡೆಯುವುದೇ ಬೇರೆ. ಕ್ಲೋವಿಸ್ ಮೇಷ್ಟ್ರು ತಮ್ಮ ಶಾಲೆಯ ಮಕ್ಕಳ ಅರ್ಜಿಗಳಲ್ಲಿ ಸುಳ್ಳು ತುಂಬಿ ದೊಡ್ಡ ದೊಡ್ಡ ಕಾಲೇಜುಗಳಿಗೆ ಕಳಿಸಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದಾಗಿನಿಂದ ಸೇಂಟ್ ಓಡೀಲಿನಲ್ಲಿ ಯಾರೂ ಬೇರೆ ಮಾತೇ ಆಡುತ್ತಿಲ್ಲ. ಕಲಿಸದ ಪಾಠಕ್ಕೆ ಅಂಕ ಕೊಟ್ಟಿದ್ದಾರಂತೆ, ಇಲ್ಲದ ಸಂಘಗಳಿಗೆ ಅಧ್ಯಕ್ಷರನ್ನು ಮಾಡಿದ್ದಾರಂತೆ. ನಿನ್ನನ್ನು ಫ್ರೆಂಚ್ ಸಂಘದ ಅಧ್ಯಕ್ಷೆ ಮಾಡಿದ್ದರಂತಲ್ಲೇ! ನಾನು ಫ್ರೆಂಚಿನಲ್ಲಿ ಬೈದರೆ ಮಾತ್ರ ನಿನಗೆ ಅರ್ಥವಾಗುತ್ತಿತ್ತು, ಅದೂ ಅರ್ಧಂಬರ್ಧ. ಹೆದ್ದಾರಿ ಪಕ್ಕದಲ್ಲಿ ಶಾಲೆಯವರು ನಿಲ್ಲಿಸಿದ್ದ ದೊಡ್ಡ ಬೋರ್ಡು ನೆನಪಿದೆಯಲ್ಲ, ನಿಮ್ಮೆಲ್ಲರ ಮುಖ, ಮುಖದ ಕೆಳಗೆ ಕಾಲೇಜಿನ ಹೆಸರು? ಯಾರೋ ಅದಕ್ಕೆ ಕಪ್ಪು ಬಣ್ಣ ಎರಚಿದರು. ಅಜ್ಜ ಸೀಮೆಎಣ್ಣೆ, ಹಳೇ ಬನಿಯನ್ ತೆಗೆದುಕೊಂಡು ಹೋಗಿ ಏಣಿ ಹತ್ತಿ ನಿನ್ನ ಮುಖ ಒರೆಸಿದರು. ಆಮೇಲೆ ನಿನ್ನ ಪಕ್ಕದ ಹುಡುಗನದ್ದೂ ಒರೆಸಿದರು, ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು. ಬಣ್ಣದ ಜೊತೆ ನಿನ್ನ ಒಂದು ಕೆನ್ನೆಯೂ ಸ್ವಲ್ಪ ಅಳಿಸಿಹೋಗಿದೆ.

ವರ್ನೀಸಳ ಪಾರ್ಲರಿಗೆ ಹೋದರೆ ತಲೆ ತೊಳೆಸಿಕೊಳ್ಳುವುದಕ್ಕಿಂತ ತಲೆ ಕೆಡಿಸಿಕೊಂಡು ಬರುವುದೇ ಹೆಚ್ಚು. ಶುಕ್ರವಾರ ಹೋಗಿದ್ದೆ. ಕುರ್ಚಿಗಳೆಲ್ಲ ಭರ್ತಿ, ಎಲ್ಲರ ಬಾಯಲ್ಲೂ ಮೇಷ್ಟ್ರೇ. ವರ್ನೀಸ್ ಬಾಚಣಿಗೆ ಎತ್ತಿ ಭಾಷಣ ಬಿಗಿದಳು: "ಬಿಳಿಯೋರು ಕಾಲೇಜಿಗೆ ಕಟ್ಟಡ ಕಟ್ಟಿಸಿಕೊಟ್ಟು ಮಕ್ಕಳನ್ನ ಒಳಗೆ ತಳ್ತಾರೆ, ಅದಕ್ಕೆ ದಾನ ಅಂತ ಹೆಸರು. ನಮ್ಮೋನು ನಾಲ್ಕು ಅಂಕ ಏರಿಸಿದ್ರೆ ಪೇಪರ್ನಲ್ಲಿ ಹಾಕ್ತಾರೆ. ಹಾಕಲಿ ಬಿಡ್ರೇ!" ಅರ್ಧ ಜನ ಆಮೆನ್ ಅಂದರು. ಇನ್ನರ್ಧ, "ಹಂಗಂತ ಲ್ಯಾಬಿನ ಸೀಸೆ ಮುಟ್ಟದೇ ಇರೋ ಹುಡುಗೀಗೆ ಕೆಮಿಸ್ಟ್ರಿಲಿ ಎ ಕೊಡೋದಾ? ನಾಳೆ ಅವಳೇ ನಿನಗೆ ಔಷಧಿ ಬರೆದುಕೊಟ್ರೆ ಕುಡೀತೀಯೇನೇ?" ಎಂದು ಮೇಲೆ ಬಿದ್ದರು. ಎಲ್ಲರೂ ನಕ್ಕರು. ಆಮೇಲೆ ನಾನು ಅಲ್ಲೇ ಇದ್ದೇನೆಂದು ನೆನಪಾಗಿ ಕನ್ನಡಿಯ ಕಡೆ ತಿರುಗಿಕೊಂಡರು. ಮೂಲೆಯಲ್ಲಿ ಲೆನೋರಾ ಕೂತಿದ್ದಳು, ಇದೇ ಶಾಲೆಯಿಂದ ಕಾಲೇಜಿಗೆ ಹೋಗಿ ಮೊದಲ ವರ್ಷವೇ ವಾಪಸು ಬಂದು ಅಕ್ಕಿ ಗಿರಣಿ ಸೇರಿದನಲ್ಲ, ಆ ಹುಡುಗನ ತಾಯಿ. ಅವಳು ತಲೆಗೆ ಟವೆಲ್ಲು ಸುತ್ತಿಕೊಂಡೇ ಹೇಳಿದಳು: "ನನ್ನ ಮಗ ಮೊದಲ್ನೇ ಪರೀಕ್ಷೇಲಿ ಪ್ರಶ್ನೆಪತ್ರಿಕೆ ನೋಡಿ ತಿರುಗಿಸಿಟ್ಟನಂತೆ, ತಪ್ಪು ಕೋಣೆಗೆ ಬಂದಿದೀನೇನೋ ಅಂತ. ತನಗೆ ಗೊತ್ತಿಲ್ಲ ಅನ್ನೋದೇ ಪಾಪ ಅವನಿಗೆ ಗೊತ್ತಿರಲಿಲ್ಲ. ನೀವು ಬಿಳಿಯೋರ ಕಟ್ಟಡದ ಲೆಕ್ಕ ಹಾಕ್ಕೊಂಡು ಕೂತ್ಕೊಳ್ಳಿ." ನನಗೆ ನಿನ್ನದೇ ಯೋಚನೆ. ನೀನು ಎರಡನೇ ವರ್ಷಕ್ಕೆ ಬಂದಿದ್ದೀಯ. ಕೆಮಿಸ್ಟ್ರಿಗೆ ಬೇರೆಯಾಗಿ ಪಾಠ ಹೇಳಿಸಿಕೊಂಡು, ಬಿದ್ದು, ಮತ್ತೆ ಕಟ್ಟಿ ಪಾಸಾದೆ. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ರೇಡಿಯೋ ಹಾಕಬೇಡ ಎಂದು ನನಗೆ ನಾನೇ ಹೇಳಿಕೊಂಡು ಹಾಕುತ್ತೇನೆ. ಯಾವನೋ ಒಬ್ಬ ಫೋನು ಮಾಡಿ, "ಅರ್ಹರ ಸೀಟು ಕಿತ್ಕೊಂಡ್ರು, ಎಲ್ಲರನ್ನೂ ಬಸ್ಸು ಹತ್ತಿಸಿ ವಾಪಸ್ ಕಳಿಸಿ" ಅಂದ. ಒದ್ದೆ ಬಟ್ಟೆ ಎತ್ತಿ ರೇಡಿಯೋದ ಮೇಲೆ ಎಸೆದೆ. ಈಗ ಅದು ಗೊರಗೊರ ಅನ್ನುತ್ತದೆ, ಆದರೂ ಕೇಳಿಸುತ್ತದೆ. ಬೈಯುವವರನ್ನು ತಡೆದುಕೊಳ್ಳಬಹುದು ಮಗಳೇ. ಕನಿಕರ ಪಡುವವರನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ಹೌದು, ನಿನ್ನ ಕಾಲೇಜಿನ ಅರ್ಜಿಯ ಜೊತೆ ಹೋಯಿತಲ್ಲ, ಆ ಪ್ರಬಂಧದ ವಿಷಯಕ್ಕೇ ಬಂದೆ. ಪತ್ರಿಕೆಯವರು ಹೆಸರು ಹಾಕದೆ ನಾಲ್ಕು ಸಾಲು ಅಚ್ಚು ಹಾಕಿದ್ದಾರೆ. "ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ತಿನ್ನಲು ಏನೂ ಇರುತ್ತಿರಲಿಲ್ಲ. ಹಸಿವು ತಾಳಲಾರದೆ ನಮ್ಮ ಅಜ್ಜ ಹಿತ್ತಲಲ್ಲಿ ತನ್ನ ಕೈಯಾರೆ ಪ್ರಾಣಿಯನ್ನು ಕೊಲ್ಲುತ್ತಿದ್ದರು, ರಕ್ತದ ಬಕೆಟ್ಟನ್ನು ನಾನು ಹಿಡಿಯುತ್ತಿದ್ದೆ." ಹೆಸರು ಯಾತಕ್ಕೆ ಬೇಕು? ಯಾರ ಹಿತ್ತಲು ಎಂದು ಊರಿನ ನಾಯಿಗೂ ಗೊತ್ತು. ನಮ್ಮ ಬೂಶರಿ ಹಬ್ಬ ಕಣೇ ಅದು! ಬೆಳಗಿನ ಚಳಿಯಲ್ಲಿ ನಿನ್ನ ಮಾವಂದಿರೆಲ್ಲ ಬಂದು ಹಂದಿ ಕೊಯ್ಯುವುದು, ಕಬ್ಬಿಣದ ಹಂಡೆಯಲ್ಲಿ ಚರ್ಮ ಚಟಚಟ ಕರಿಯುವುದು, ಹೆಂಗಸರೆಲ್ಲ ಒಂದು ಕಡೆ ಕೂತು ಅನ್ನ, ಮಾಂಸ, ಈರುಳ್ಳಿ ಕಲಸಿ ಕರುಳಿಗೆ ತುಂಬುವುದು, ಮಧ್ಯಾಹ್ನದ ಹೊತ್ತಿಗೆ ಅಕಾರ್ಡಿಯನ್ ಶುರುವಾಗಿ ನಾನೂ ಈ ಮಂಡಿ ಇಟ್ಟುಕೊಂಡು ಕುಣಿಯುವುದು! ರಕ್ತದ ಬಕೆಟ್ಟು ನಾನೇ ಹಿಡಿಯಬೇಕೆಂದು ನೀನು ಮಾವನ ಮಗನ ಜೊತೆ ಜಗಳ ಆಡಿದ್ದೆ. ಹಂದಿಯ ಬಾಲವನ್ನು ಫಾದರ್ ಅವರ ನಿಲುವಂಗಿಯ ಹಿಂದೆ ಪಿನ್ನು ಹಾಕಿ ಸಿಕ್ಕಿಸಿದ್ದು ಯಾರು? ಊರಿಗೆಲ್ಲ ಪಾಲು ಹಂಚಿ, ಹಾಸಿಗೆ ಹಿಡಿದವರ ಮನೆಗೆ ಮೊದಲು ಕಳಿಸಿ, ಆಮೇಲೆ ನಾವು ಕೂರುತ್ತಿದ್ದದ್ದು. ಅದನ್ನು ಹಸಿವು ಎಂದು ಬರೆದಿದ್ದಾರೆ. ನೀನು ಬರೆದೆಯೋ, ಮೇಷ್ಟ್ರು ಬರೆದರೋ ಎಂದು ನಾನು ಕೇಳುವುದಿಲ್ಲ. ಅರ್ಜಿ ಬರೆಯುವ ಹೊತ್ತಿಗೆ ನೀನು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು, "ಅಜ್ಜೀ, ನನ್ನ ಕಥೇಲಿ ನಗು ಜಾಸ್ತಿಯಂತೆ, ಕಾಲೇಜಿನೋರಿಗೆ ಅಳು ಬೇಕಂತೆ" ಅಂದಿದ್ದು ಮಾತ್ರ ನನ್ನ ಕಿವಿಯಲ್ಲಿದೆ.

ಈಗ ಕೇಳು. ಅದನ್ನು ಓದಿ ಎಲ್ಲೋ ದೂರದ ಊರಿನ ಯಾರೋ ಪುಣ್ಯಾತ್ಗಿತ್ತಿ ನಮ್ಮ ಚರ್ಚಿಗೆ ಡಬ್ಬದ ಬೀನ್ಸ್ ಕಳಿಸಿದ್ದಾಳೆ. ಪೆಟ್ಟಿಗೆಯ ಮೇಲೆ "ಹಸಿದ ಹುಡುಗಿಯ ಕುಟುಂಬಕ್ಕೆ" ಎಂದು ಬರೆದಿದೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಕರೆದು, ತಲೆ ಕೆರೆದುಕೊಳ್ಳುತ್ತಾ, "ಏನ್ ಮಾಡೋಣ ಯೂಲಲೀ?" ಅಂದರು. ಮೆಟ್ಟಿಲ ಮೇಲೆ ನಿಂತಿದ್ದ ಗಂಡಸರಲ್ಲಿ ಒಬ್ಬ, "ತಗೊಂಡ್ ಹೋಗಮ್ಮಾ, ಪಾಪ, ಹಂದಿ ಸಿಗದಿದ್ದ ದಿನಕ್ಕೆ ಆಗುತ್ತೆ" ಎಂದು ಕುಶಾಲು ಮಾಡಿದ. ನಾನೂ ನಗುತ್ತಲೇ ತಿರುಗಿ ನೋಡಿದೆ. ಅಜ್ಜ ನಮ್ಮ ಹಿಂದೆಯೇ ನಿಂತಿದ್ದರು, ಟೋಪಿ ಕೈಯಲ್ಲಿ ಹಿಡಿದುಕೊಂಡು. ಪೆಟ್ಟಿಗೆಯನ್ನು ಎತ್ತಿ ಗಾಡಿಯಲ್ಲಿಟ್ಟರು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಇಳಿಸಿ, ಅದರ ಎದುರು ಕೂತರು. "ನಾನು ಸಾಕಿದ ಹಂದಿ ತಿಂದು ಬೆಳೆದ ಮಗು ಹಸಿದಿತ್ತಂತೆ ಕಣೇ" ಅಂದರು. ಅಷ್ಟೇ. ಈ ಸಲ ಹಂದಿ ಕೊಬ್ಬಿ ನಿಂತಿದೆ, ಚಳಿಯೂ ಬಂದಿದೆ. ಬೂಶರಿ ಯಾವತ್ತು ಎಂದು ನಿನ್ನ ಮಾವಂದಿರು ಕೇಳಿದರೆ, ಈ ವರ್ಷ ಬೇಡ ಅನ್ನುತ್ತಾರೆ. ಕ್ಷೌರದ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಗಡ್ಡ ಬಿಟ್ಟುಕೊಂಡು ಯಾರೋ ಸನ್ಯಾಸಿ ನಮ್ಮ ಮನೆಯಲ್ಲಿದ್ದ ಹಾಗಿದೆ.

ನಿಮ್ಮಮ್ಮನ ವಿಷಯ ಹೇಳಲೇಬೇಕು. ರಮೋನಾಳನ್ನು ನಾನು ಹೆತ್ತದ್ದು ಹೌದು, ಹಟ ಮಾತ್ರ ನನ್ನದಲ್ಲ, ನಿಮ್ಮಜ್ಜನ ಕಡೆಯದು. ಬುಧವಾರ ಕ್ಲೋವಿಸ್ ಮೇಷ್ಟ್ರು ತಂದೆತಾಯಿಗಳನ್ನೆಲ್ಲ ಶಾಲೆಗೆ ಕರೆದಿದ್ದರು. ನಾನೂ ಹೋದೆ. ಮೇಷ್ಟ್ರು ಬಡವಾಗಿದ್ದಾರೆ, ಕೋಟು ಜೋತಾಡುತ್ತಿದೆ. "ನಾನು ಬಾಗಿಲು ಒದ್ದು ತೆಗೆದೆ, ನಿಮ್ಮ ಮಕ್ಕಳು ಒಳಗೆ ಹೋದ್ರು. ಈಗ ಎಲ್ಲರೂ ಒಂದೇ ಮಾತು ಆಡಿ. ಫೈಲಲ್ಲಿ ಏನಿದೆಯೋ ಅದೇ ನಿಜ" ಅಂದರು. ಕೆಲವರು ಚಪ್ಪಾಳೆ ತಟ್ಟಿದರು, ಒಬ್ಬ ಕುರ್ಚಿ ಒದ್ದು ಎದ್ದುಹೋದ. ರಮೋನಾ ತಟ್ಟಿದಳು. ದಾರಿಯುದ್ದಕ್ಕೂ ನನ್ನ ತೊಡೆ ಒತ್ತಿ ಹೇಳಿದಳು: "ಅಮ್ಮಾ, ಕಾಲೇಜಿಂದ ಯಾರಾದ್ರೂ ಫೋನ್ ಮಾಡಿದ್ರೆ ಹಸಿವಿತ್ತು ಅಂತ ಹೇಳಿಬಿಡು. ಒಂದು ಮಾತು ಅಷ್ಟೇ. ನಿನ್ನ ಗಂಟೇನು ಹೋಗುತ್ತೆ?" ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಾ ಬಂದೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ನಮ್ಮೂರಿನ ಇನ್ನೊಂದು ಶಾಲೆಯಲ್ಲಿ ಅವಳನ್ನು ಹಿಂದಿನ ಸಾಲಲ್ಲಿ ಕೂರಿಸಿ, ನಿನಗೆಲ್ಲಿಯ ಕಾಲೇಜು ಎಂದು ಅಡುಗೆಯ ಪಾಠಕ್ಕೆ ಕಳಿಸಿದ್ದನ್ನು ಅವಳಾಗಲಿ ನಾನಾಗಲಿ ಮರೆತಿಲ್ಲ. ನಿನ್ನನ್ನು ಮೊದಲ ದಿನವೇ "ಬಾಮ್ಮಾ ಡಾಕ್ಟ್ರೇ" ಎಂದು ಕರೆದವರು ಕ್ಲೋವಿಸ್ ಮೇಷ್ಟ್ರೊಬ್ಬರೇ. ಅದು ನೆನಪಾದರೆ ಸಿಟ್ಟು ಇಳಿಯುತ್ತದೆ, ಮೇಜಿನ ಮೇಲಿನ ಪೆಟ್ಟಿಗೆ ಕಂಡರೆ ಮತ್ತೆ ಏರುತ್ತದೆ. ದಿನಕ್ಕೆಷ್ಟು ಸಲ ಹೀಗೆ ಹತ್ತಿ ಇಳಿಯಲಿ, ನನಗೂ ವಯಸ್ಸಾಯಿತು.

ಹದಿನೇಳನೇ ತಾರೀಕು ಕಾಲೇಜಿನವರು ನಿನ್ನನ್ನು ಕೂರಿಸಿ ವಿಚಾರಿಸುತ್ತಾರೆ ಎಂದು ನಿಮ್ಮಮ್ಮ ಹೇಳಿದಳು. ಉಳಿಸಿಕೊಳ್ಳುತ್ತಾರೋ ಕಳಿಸಿಬಿಡುತ್ತಾರೋ ಅವತ್ತೇ ತೀರ್ಮಾನವಂತೆ. ಬೆಳಿಗ್ಗೆ ಚೆನ್ನಾಗಿ ತಿಂದು ಹೋಗು. ಹೊಟ್ಟೆ ಖಾಲಿ ಇದ್ದರೆ ನಿನ್ನ ಮಾತು ತೊದಲುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಆ ನೀಲಿ ಅಂಗಿ ಹಾಕಿಕೋ. ಯಾರಾದರೂ ಜೋರು ಮಾಡಿದರೆ ಕಣ್ಣು ಕೆಳಗೆ ಹಾಕಬೇಡ, ಎದುರು ಜೋರೂ ಮಾಡಬೇಡ. ಇಲ್ಲಿ ಎಲ್ಲರೂ ನಿನ್ನ ಬಗ್ಗೆ ಮಾತಾಡುತ್ತಾರೆ, ನಿನ್ನ ಜೊತೆ ಮಾತಾಡಿದವರು ಯಾರೂ ಇಲ್ಲ. ಅದೇ ನನಗೆ ಸಂಕಟ. ಫಾದರ್ ನಿನ್ನ ಹೆಸರಲ್ಲಿ ಪೂಜೆಗಿಟ್ಟಿದ್ದಾರೆ. ಲೆನೋರಾ ನಿನಗೆ ತನ್ನ ನೆನಪು ಹೇಳು ಅಂದಳು, ಅವಳ ಮಗನೂ. ವರ್ನೀಸ್ ನಿನ್ನ ಕೂದಲ ತುದಿ ಕತ್ತರಿಸಲು ಕಾದಿದ್ದಾಳೆ.

ಮರಿಯಮ್ಮ ತಾಯಿ ನಿನ್ನ ಮುಂದೆಯೂ ನಡೆಯಲಿ, ಹಿಂದೆಯೂ ನಡೆಯಲಿ. ನಿನ್ನ ಹಣೆಗೆ ನನ್ನ ಮುತ್ತು. ಅಜ್ಜನದ್ದೂ ಸೇರಿಸಿದ್ದೇನೆ, ಅವರನ್ನು ಕೇಳಿಲ್ಲ.

ನಿನ್ನ ಅಜ್ಜಿ,
ಯೂಲಲಿ

ಮರೆತೆ ಅಂತ ಬರೆಯುತ್ತಿಲ್ಲ, ಧೈರ್ಯ ಸಾಲದೆ ಈ ಮಾತನ್ನು ಇಲ್ಲಿಯತನಕ ಎಳೆದು ತಂದೆ. ಪತ್ರಿಕೆಯಲ್ಲಿ ಬರುವುದಕ್ಕೆ ಮುಂಚೆಯೇ ನಿಮ್ಮ ಕಾಲೇಜಿನ ಹೆಂಗಸೊಬ್ಬಳು ನನಗೆ ಫೋನು ಮಾಡಿದ್ದಳು. "ಮನೆಯಲ್ಲೇ ಪ್ರಾಣಿ ಕೊಯ್ದು ತಿನ್ನುತ್ತಿದ್ದದ್ದು ನಿಜವಾ ಮೇಡಂ?" ಅಂದಳು. ನೀನು ಅಲ್ಲಿ ಕೂತು ನಮ್ಮ ಬೂಶರಿಯನ್ನು ಹೊಗಳಿದ್ದೀಯ ಅಂದುಕೊಂಡೆ ಕಣೇ. ಹಿಗ್ಗಿಹೋಗಿ ಎಲ್ಲಾ ಹೇಳಿಬಿಟ್ಟೆ. ಅಕಾರ್ಡಿಯನ್ನು, ಫಾದರ್ ಬಾಲ, ನೀನು ಕರಿದ ಚರ್ಮ ಮಿತಿಮೀರಿ ತಿಂದು ವಾಂತಿ ಮಾಡಿಕೊಂಡದ್ದು, ಎಲ್ಲಾ. ಮುಂದಿನ ಸಲ ನೀವೂ ಬನ್ನಿ ಎಂದು ಕರೆದೆ. ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ನಿನ್ನನ್ನು ವಿಚಾರಣೆಗೆ ಕರೆದದ್ದು ಅದರಿಂದಲೇ ಇರಬೇಕು. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ನಿನ್ನೆ ಆ ಕಾಲೇಜಿನ ಹೆಂಗಸೇ ಮತ್ತೆ ಫೋನು ಮಾಡಿ, ಅವತ್ತು ಹೇಳಿದ್ದಕ್ಕೆ ಈಗಲೂ ಬದ್ಧರಾ, ಮಗು ಎಂದಾದರೂ ಹಸಿದಿತ್ತಾ ಎಂದು ಕೇಳಿದಳು. ಹೌದು ಅನ್ನುವ ಒಂದೇ ಮಾತು ಸಾಕಾಗಿತ್ತು. ಅಜ್ಜ ಅಲ್ಲೇ ಕೂತಿದ್ದರು. ಇಲ್ಲ ಅಂದೆ, ಒಂದು ದಿನವೂ ಇಲ್ಲ. ಇದರಿಂದ ನಿನ್ನ ಸೀಟು ಹೋದರೆ ಜೀವಮಾನವಿಡೀ ನನ್ನ ಮೇಲೆ ಸಿಟ್ಟು ಮಾಡಿಕೋ, ನಾನು ತಡೆದುಕೊಳ್ಳುತ್ತೇನೆ. ಕೆಮಿಸ್ಟ್ರಿ ಅಲ್ಲಿಗೆ ಬಂದ ಮೇಲೆ ಕಲಿತೆ ಎಂದು ಹೇಳು, ಫ್ರೆಂಚು ಬರುವುದಿಲ್ಲ ಎಂದು ಹೇಳು, ಏನು ಬೇಕಾದರೂ ಹೇಳು ಮಗಳೇ. ಹಸಿದಿದ್ದೆ ಎಂದು ಮಾತ್ರ ಹೇಳಬೇಡ. ನಿನ್ನ ಅಜ್ಜ ಬದುಕಿರುವಾಗ ಹೇಳಬೇಡ.