ಪೆಟ್ಟಿಗೆಯ ಬಾಯಿಗೆ ವಿಭೂತಿ

ಎಕ್ಕಂಬಿ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಆ ಹಿಮದ ಚೌಕಿಯಲ್ಲಿ ಕಾಲ್ಬೆರಳು ಜೋಮು ಹಿಡಿಯುತ್ತದೆ ಎಂದು ಬರೆದಿದ್ದಿರಿ, ಈಗ ಪರವಾಗಿಲ್ಲವೇ? ನಾನು ಕಳಿಸಿದ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರೋ, ಟ್ರಂಕಿನಲ್ಲೇ ಇಟ್ಟಿದ್ದೀರೋ? ಅತ್ತೆಯವರ ಮಂಡಿನೋವು ಇಳಿದಿದೆ, ಬಾಯಿ ಎಂದಿನಂತೆ ಚುರುಕಾಗಿದೆ. ಸರಿ, ಕ್ಷೇಮಸಮಾಚಾರ ಮುಗಿಯಿತು, ಇನ್ನು ತಡೆದುಕೊಳ್ಳಲು ನನ್ನಿಂದಾಗದು. ಪೆಟ್ಟಿಗೆ ಎದ್ದಿತು! ನೀವು ಹೋದ ರಜೆಯಲ್ಲಿ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ಬಸ್ಸಿನ ಟಾಪಿನ ಮೇಲೆ ತಂದಿರಲ್ಲ, ಆ ಆರ್ಮ್ ಚಿಪ್ಪಿನ ಸರ್ವರ್, ನೆಟ್ಟು ಕಾಯುವ ನಮ್ಮ ಫೈರ್‌ವಾಲನ್ನು ಹೊತ್ತು ಎದ್ದು ಕೂತಿದೆ.

ಸಿಡಿಲಿಗೆ ಹಳೆಯ ಯಂತ್ರ ಸುಟ್ಟಂದಿನಿಂದ ಊರಿನ ಇಂಟರ್‌ನೆಟ್ಟಿನ ಬಾಗಿಲಿಗೆ ಕಾವಲುಗಾರನೇ ಇರಲಿಲ್ಲ. ತಾತ್ಕಾಲಿಕಕ್ಕೆ ಇಟ್ಟ ಚಿಕ್ಕ ಡಬ್ಬಿ, ಸಂಜೆ ಎಲ್ಲರೂ ಮೊಬೈಲು ಹಿಡಿದರೆ ಉಸ್ಸೆಂದು ಮಲಗುತ್ತಿತ್ತು. ಬೈಸಿಕೊಳ್ಳುವವಳು ನಾನು. ಅಷ್ಟರಲ್ಲಿ ನಿಮ್ಮ ಪತ್ರ: ‘ದೀಪಾವಳಿಯೊಳಗ ಏಳದಿದ್ರ ಕೇಬಲ್ ಟೀವಿ ಶಂಭುಲಿಂಗಗ ನೆಟ್ಟು ಕೊಟ್ಟುಬಿಡು, ಒಬ್ಬಾಕಿ ಎಷ್ಟಂತ ಒದ್ದಾಡ್ತಿ.’ ಕಾಳಜಿಯಿಂದ ಬರೆದಿರಿ, ಗೊತ್ತು. ಆದರೂ ಸಿಟ್ಟು ಬಂತು. ಬಿಸಿಲಲ್ಲಿ ನಿಂತು ವೈರು ಎಳೆಸಿ, ಮನೆಮನೆ ಹತ್ತಿಳಿದು ನಾನು ಕಟ್ಟಿದ ನೆಟ್ಟದು. ಅತ್ತೆಯವರೂ ನಿಮ್ಮ ಕಡೆಗೇ: ‘ಹೆಣ್ಮಗಳಿಗೆ ಈ ಉಸಾಬರಿ ಯಾಕ, ಕೊಟ್ಟು ಕೈ ತೊಳ್ಕೊ.’

ತೊಂದರೆ ಏನೆಂದರೆ, ನಮ್ಮ ಫೈರ್‌ವಾಲ್ ತಂತ್ರಾಂಶ ಬರೆದವರು ಅದನ್ನು ಮಾಮೂಲಿ ಕಂಪ್ಯೂಟರಿಗೆಂದು ಬರೆದದ್ದು. ಆರ್ಮ್ ಚಿಪ್ಪಿನ ಭಾಷೆಯೇ ಬೇರೆ. ಯಾರೋ ಪುಣ್ಯಾತ್ಮರು ಇದಕ್ಕೂ ಒಗ್ಗುವಂತೆ ಕಟ್ಟಿಟ್ಟ ಪ್ರತಿಯನ್ನು ಹುಡುಕಿ ಪೆನ್‌ಡ್ರೈವಿಗೆ ಇಳಿಸಿದೆ. ಅದನ್ನು ಸರ್ವರಿಗೆ ಚುಚ್ಚಿ ಸ್ವಿಚ್ ಹಾಕಿದರೆ ಪರದೆಯ ಮೇಲೆ ನಾಲ್ಕು ಸಾಲು ಬರುವುದು, ಆಮೇಲೆ ಕತ್ತಲು. ಮತ್ತೆ ಹಾಕಿದರೆ ಮತ್ತೆ ಕತ್ತಲು. ಕೊನೆಗೆ ಆ ಪುಣ್ಯಾತ್ಮರಿಗೇ ಬರೆದು ಕೇಳಿದೆ. ಅದು ಸತ್ತಿಲ್ಲ, ಇಂಥ ಸರ್ವರು ಪರದೆಯ ಮೇಲೆ ಮಾತಾಡುವುದಿಲ್ಲ, ಹಿಂಬದಿಯ ಸೀರಿಯಲ್ ಪೋರ್ಟ್ ಎಂಬ ಕಿಂಡಿಯಲ್ಲಿ ಮಾತಾಡುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಕೇಬಲ್ ಎಳೆದು ನೋಡಿ ಎಂದು ಉತ್ತರ ಬಂತು. ನಾನು ಕುಣಿದಾಡಿಬಿಟ್ಟೆ. ಅತ್ತೆಯವರನ್ನು ಕರೆದು, ಒಳಗೆ ಸೂಜಿಗಳಿದ್ದ ಆ ಕಿಂಡಿ ತೋರಿಸಿ, ‘ಇದರ ಬಾಯಿ ಇಲ್ಲೈತ್ರಿ ಅತ್ತಿ’ ಎಂದೆ.

ಕೇಬಲ್ ಶಿರಸಿಯಲ್ಲಿ ಸಿಗದೆ ಹುಬ್ಬಳ್ಳಿಯಿಂದ ತರಿಸಬೇಕಾಯಿತು. ನಿನ್ನೆ ಬಂತು, ಚುಚ್ಚಿದೆ. ಒಂದಕ್ಷರವೂ ಬರಲಿಲ್ಲ. ಅತ್ತುಬಿಟ್ಟೆ ನೋಡಿ. ಸೋತು ಶಂಭುಲಿಂಗನಿಗೆ ‘ನಾಳೆ ಬರ್ರಿ’ ಎಂದು ಫೋನೂ ಮಾಡಿದೆ. ಕೇಬಲ್ಲನ್ನಾದರೂ ವಾಪಸ್ ಕಳಿಸೋಣವೆಂದು ಕಿತ್ತರೆ ಅದರ ಮೂತಿಯೆಲ್ಲ ಬೆಳ್ಳಗೆ! ಟಾರ್ಚ್ ಬಿಟ್ಟು ನೋಡಿದರೆ ಕಿಂಡಿಯ ತುಂಬ ಒಣಗಿದ ವಿಭೂತಿ. ನಿಮ್ಮ ತಾಯಿಯವರು ಹೋದ ವಾರದ ಸೋಮವಾರ ಪೂಜೆ ಮುಗಿಸಿ, ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಸರಿಯಾಗಿ ಅಲ್ಲಿಗೇ ಬಳಿದಿದ್ದರು. ಕೇಳಿದರೆ, ‘ಬಾಯಿ ಅಂದ್ಯಲ್ಲ, ಮಾತು ಬರ್ಲಿ ಅಂತ ಹಚ್ಚೀನಿ. ನೀ ಊಟ ಬಿಟ್ಟು ಅದರ ಮುಂದ ಕುಂದರೂದು ನೋಡಾಕ ಆಗ್ಲಿಲ್ಲ’ ಎಂದರು. ಕೊಟ್ಟುಬಿಡು ಎನ್ನುತ್ತಿದ್ದವರು ಕದ್ದು ಪೂಜೆ ಮಾಡಿದ್ದಾರೆ! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಿಂಡಿ ಕೆರೆದು, ಊದಿ, ಕೇಬಲ್ ಚುಚ್ಚಿ ಎಂಟರ್ ಒತ್ತಿದೆ. ರೀ, ಬಂತು! ‘ಲಾಗಿನ್’ ಎಂಬ ಒಂದೇ ಮಾತು. ನಾವು ಸತ್ತಿತೆಂದು ಕೂತಿದ್ದ ದಿನವೆಲ್ಲ ಅದು ಎದ್ದೇ ಇತ್ತು, ಯಾರು ನೀನು ಎಂದು ಕೇಳುತ್ತಲೇ ಇತ್ತು. ಸಂಜೆಯ ಹೊತ್ತಿಗೆ ಊರಿನ ನೆಟ್ಟೆಲ್ಲ ಅದರ ಮೂಲಕ ಹರಿಯಿತು, ಒಮ್ಮೆಯೂ ಮಲಗಲಿಲ್ಲ. ಅತ್ತೆಯವರು ಮಾತ್ರ ವಿಭೂತಿಯಿಂದಲೇ ಮಾತು ಬಂತೆಂದು ಓಣಿಗೆಲ್ಲ ಸಾರುತ್ತಿದ್ದಾರೆ. ಸಾರಲಿ ಬಿಡಿ.

ಕಾಲು ಬೆಚ್ಚಗಿಟ್ಟುಕೊಳ್ಳಿ. ಅತ್ತೆಯವರ ಆಶೀರ್ವಾದ ಈ ಲಕೋಟೆಯಲ್ಲಿ ಒಂದು ಚಿಟಿಕೆ ವಿಭೂತಿಯಾಗಿ ಬರುತ್ತಿದೆ. ಹಣೆಗೆ ಹಚ್ಚಿಕೊಳ್ಳಿ, ವೈರ್‌ಲೆಸ್ ಸೆಟ್ಟಿನಿಂದ ದೂರವಿಡಿ.

ನಿಮ್ಮ
ಪ್ರತಿಭಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಶಂಭುಲಿಂಗ ಬಂದೇಬಿಟ್ಟ. ಬರಬೇಡಿ ಎಂದು ಹೇಳುವುದನ್ನೇ ಸಂಭ್ರಮದಲ್ಲಿ ಮರೆತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಹೊಸ್ತಿಲಲ್ಲಿ ನಿಂತು, ‘ಚಾ ಕುಡದು ಹೋಗ್ರಿ. ನೆಟ್ಟು ಮಾತ್ರ ಕೊಡೂದಿಲ್ರಿ, ಅದು ನಮ್ಮ ಸೊಸಿದು’ ಎಂದರು. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.