ಹದಿನಾರು ದಿನದ ಡಾಕ್ಟರಮ್ಮ

ಆರ್.ಟಿ. ನಗರ
11 ಜೂನ್ 2024, ಮಂಗಳವಾರ

ನನ್ನ ಪದ್ಮಶ್ರೀಗೆ,

ಮಧ್ಯಾಹ್ನದ ಹೊತ್ತು, ಲ್ಯಾಬ್‌ನಲ್ಲಿ ಯಾರೂ ಇಲ್ಲ. ಸಂಜೆ ಯಲಹಂಕಕ್ಕೆ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ನೀನು ವಿಮಾನ ಹತ್ತಬೇಡ.

ಮೊನ್ನೆ ಭಾನುವಾರ ನಮ್ಮ ಮನೆಗೆ ಬಂದಾಗ ನೀನು, ನಾನು ಉಗಾಂಡದಲ್ಲಿ ಸ್ವಯಂಸೇವೆ ಮಾಡಿದ್ದು ನಿಜಕ್ಕೂ ಅಷ್ಟು ಚೆನ್ನಾಗಿತ್ತಾ ಎಂದು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅಮ್ಮಿ ಗೋಡೆಯ ಮೇಲಿದ್ದ ಸರ್ಟಿಫಿಕೇಟ್ ಇಳಿಸಿ ನಿನ್ನ ಮಡಿಲಲ್ಲಿಟ್ಟರು. "ಹೋಗೇ, ಮೂರು ತಿಂಗಳು ಕಳೆದಿದ್ದೇ ಗೊತ್ತಾಗಲ್ಲ" ಎಂದೆ ನಾನು. ನಾನು ಅಲ್ಲಿದ್ದದ್ದು ಏಳೇ ವಾರ. ಜ್ವರ ಬಂದು ಬೇಗ ವಾಪಸಾದೆ ಎಂದು ನಿಮಗೆಲ್ಲ ಹೇಳಿದೆನಲ್ಲ, ನನಗೆ ಯಾವ ಜ್ವರವೂ ಬಂದಿರಲಿಲ್ಲ.

ಮೊದಲ ತಿಂಗಳು ಚೆನ್ನಾಗಿತ್ತು, ಅದು ಸುಳ್ಳಲ್ಲ. ಕೆರೆ ಅನ್ನಲಾಗದಷ್ಟು ದೊಡ್ಡ ಸರೋವರ, ಅದರ ದಂಡೆಯಲ್ಲಿ ತಗಡಿನ ಮಾಡಿನ ಕ್ಲಿನಿಕ್. ಲ್ಯಾಬ್ ಟೆಕ್ನಿಷಿಯನ್‌ಗಳಾದ ನಮಗೆ ಬರುವ ಕೆಲಸವೇ: ರಕ್ತ ತೆಗೆಯುವುದು, ಮಲೇರಿಯಾ ಇದೆಯಾ ಎಂದು ಸ್ಲೈಡ್ ನೋಡುವುದು. ಮಿಕ್ಕಿದ್ದನ್ನು ಹಿರಿಯ ನರ್ಸ್ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೆಂಗಸರು ಹುರಿದ ಕಡಲೆಕಾಯಿ ತಂದು ಮೇಜಿನ ಮೇಲೆ ಸುರಿದು ಹೋಗುತ್ತಿದ್ದರು. ನಿನಗೆ ಕಳಿಸಿದ ಫೋಟೋಗಳೆಲ್ಲ ಆ ತಿಂಗಳಿನವು.

ಆಮೇಲೆ ಆ ನರ್ಸ್, ತಮ್ಮ ತಾಯಿ ತೀರಿಕೊಂಡರೆಂದು, ಊರಿಗೆ ಹೋದರು. ಬದಲಿಗೆ ಯಾರೂ ಬರಲಿಲ್ಲ. ನನ್ನನ್ನು ಕಳಿಸಿದ ಸಂಸ್ಥೆಯ ಹೆಬ್ಬಾಳದ ಆಫೀಸಿನ ಮಹೇಂದ್ರ ಸರ್‌ಗೆ ಫೋನ್ ಮಾಡಿ, ಕ್ಲಿನಿಕ್ ಮುಚ್ಚೋಣವೇ ಎಂದು ಕೇಳಿದೆ. "ದಿನಾ ಸೂಜಿ ಹಿಡಿಯೋಳು ನೀನು, ಡ್ರಿಪ್ ಹಾಕೋದೇನ್ ದೊಡ್ಡ ವಿಷಯ? ಆ ಜನಕ್ಕೆ ನಿನ್ ಬಿಟ್ರೆ ಇನ್ಯಾರಿದಾರೆ ಹೇಳು" ಎಂದರು.

ನಾನು ಒಪ್ಪಿದೆ. ಹೆದರಿ ಒಪ್ಪಿದೆ ಎಂದುಕೊಳ್ಳಬೇಡ. ಮೂರನೇ ದಿನಕ್ಕೆಲ್ಲ ಜನ ನನ್ನನ್ನು ಮುಸಾವೊ ಎನ್ನತೊಡಗಿದರು, ಡಾಕ್ಟರಮ್ಮ ಅಂದ ಹಾಗೆ. ನಾನು ನಡೆದು ಬಂದರೆ ಬೆಂಚಿನಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಇಲ್ಲಿ ನಮ್ಮ ಲ್ಯಾಬ್‌ನಲ್ಲಿ ಯಾರಾದರೂ ನನ್ನ ಹೆಸರು ಕೇಳಿದ್ದುಂಟಾ? ನನಗದು ಹಿಡಿಸಿತು ಕಣೇ. ಹದಿನಾರು ದಿನ ಹಿಡಿಸಿತು.

ಹದಿನಾರನೇ ದಿನ ಬೆಳಗ್ಗೆ ಒಬ್ಬಳು ತಾಯಿ ನಾಲ್ಕು ವರ್ಷದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಸ್ಲೈಡ್ ನೋಡಿದೆ, ಮಲೇರಿಯಾ, ಅದೂ ಜೋರಾದದ್ದು. ಡ್ರಿಪ್‌ಗೆ ಔಷಧಿ ಬೆರೆಸಿ ಹಾಕಿದೆ. ಈ ಔಷಧಿ ನಾಲ್ಕು ಗಂಟೆ ನಿಧಾನವಾಗಿ ಹೋಗಬೇಕು, ಬೇಗ ಹೋದರೆ ಹೃದಯ ನಿಲ್ಲುತ್ತದೆ ಎಂದು ನರ್ಸ್ ಒಮ್ಮೆ ಹೇಳಿದ್ದರು. ನನಗೆ ನೆನಪಿತ್ತು. ಹೊರಗೆ ಕೈ ಕುಯ್ದುಕೊಂಡ ಮೀನುಗಾರನೊಬ್ಬ ಕೂಗುತ್ತಿದ್ದ, ಹನಿ ಎಷ್ಟು ವೇಗವಾಗಿ ಬೀಳುತ್ತಿದೆ ಎಂದು ನೋಡದೆಯೇ ಎದ್ದು ಹೋದೆ. ಅವನಿಗೆ ಪಟ್ಟಿ ಕಟ್ಟಿ ಬರುವಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಮಗುವಿನ ತುಟಿ ನೀಲಿಯಾಗಿತ್ತು. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ. ಪಟ್ಟಣಕ್ಕೆ ಕರೆದೊಯ್ಯಲು ಗಾಡಿ ಬರುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು, ಅದರ ಅಗತ್ಯವೇ ಇರಲಿಲ್ಲ.

ಆ ತಾಯಿ ನನ್ನ ಎರಡೂ ಕೈ ಹಿಡಿದು ಅವರ ಭಾಷೆಯಲ್ಲಿ ಏನೋ ಹೇಳಿದಳು. ಏನೆಂದು ಕ್ಲಿನಿಕ್ ಗುಡಿಸುವಾಕೆಯನ್ನು ಕೇಳಿದೆ. ನೀವು ತುಂಬಾ ಕಷ್ಟಪಟ್ಟಿರಿ, ದೇವರು ನಿಮಗೆ ಒಳ್ಳೆಯದು ಮಾಡಲಿ ಎನ್ನುತ್ತಿದ್ದಾಳೆ ಎಂದಳು.

ಮಹೇಂದ್ರ ಸರ್‌ಗೆ ಎಲ್ಲ ಹೇಳಿದೆ. "ಮಲೇರಿಯಾ ಇತ್ತು ತಾನೆ? ಹಂಗಂತಲೇ ಬರಿ. ಡ್ರಿಪ್ ವಿಷಯ ಬೇಡ" ಎಂದರು. ಕ್ಲಿನಿಕ್‌ನ ರಿಜಿಸ್ಟರ್‌ನಲ್ಲಿ ನನ್ನ ಕೈಯಾರೆ ಹಾಗೆಯೇ ಬರೆದೆ. ಎರಡೇ ದಿನಕ್ಕೆ ನನ್ನನ್ನು ವಿಮಾನ ಹತ್ತಿಸಿದರು. ಹೆಬ್ಬಾಳದ ಆಫೀಸಿನಲ್ಲಿ ಶಾಲು ಹೊದಿಸಿ ಸರ್ಟಿಫಿಕೇಟ್ ಕೊಟ್ಟರು. ನೀನೂ ಬಂದು ಚಪ್ಪಾಳೆ ತಟ್ಟಿದೆ.

ನರ್ಸ್ ವಾಪಸ್ ಬಂದಿದ್ದಾರೆ, ನೀನು ಬರೀ ಸ್ಲೈಡ್ ನೋಡಿದರೆ ಸಾಕು ಎಂದು ಮಹೇಂದ್ರ ಸರ್ ನಿನಗೆ ಹೇಳಿದ್ದಾರಲ್ಲ. ನಾನೂ ಅದನ್ನೇ ನಂಬಲು ನೋಡಿದೆ. ನಿನ್ನೆ ತಡೆಯಲಾಗದೆ ನರ್ಸ್‌ಗೇ ಮೆಸೇಜ್ ಮಾಡಿದೆ. ಇವತ್ತು ಬೆಳಗ್ಗೆ ಉತ್ತರ ಬಂತು. ಅವರು ಆ ಕೆಲಸವನ್ನೇ ಬಿಟ್ಟಿದ್ದಾರೆ. ಈಗ ಕ್ಲಿನಿಕ್‌ಗೆ ಬೀಗ ಹಾಕಿದೆಯಂತೆ, ಶನಿವಾರ ಇಂಡಿಯಾದಿಂದ ಹೊಸ ನರ್ಸ್ ಬರುತ್ತಾರೆ ಎಂದು ಊರಿಗೆಲ್ಲ ಸಾರಿದ್ದಾರಂತೆ. ಆ ನರ್ಸ್ ನೀನು ಪದ್ಮಾ. ಅಲ್ಲಿ ಇನ್ನಾರೂ ಇಲ್ಲ.

ಆ ಮಗುವಿಗೆ ನಿಜವಾಗಿ ಏನಾಯಿತೆಂದು ನರ್ಸ್‌ಗೆ ಬರೆದು ಕಳಿಸಿದ್ದೇನೆ. ತಾಯಿಗೆ ತಿಳಿಸಬೇಕೆಂದೂ ಕೇಳಿಕೊಂಡಿದ್ದೇನೆ. ಮುಂದೆ ಏನಾಗುತ್ತದೋ ಗೊತ್ತಿಲ್ಲ. ಅಮ್ಮಿಗೆ ಇನ್ನೂ ಹೇಳಿಲ್ಲ.

ನಿಮ್ಮ ತಂದೆ ಅಶ್ವತ್ಥಪ್ಪನವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಹೋಗದಿದ್ದರೆ ಅವರಿಗೆ ಅವಮಾನ ಎಂದು ನೀನು ಯೋಚಿಸುತ್ತೀಯ. ಈ ಕಾಗದವನ್ನು ಅವರಿಗೂ ತೋರಿಸು.

ನೀನು ಮನೆಯಲ್ಲೇ ಉಳಿದರೆ ಸಾಕೆನ್ನುವ,
ಜೋಯಾ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ರಕ್ತದಾನ ಶಿಬಿರದಲ್ಲಿ ನಿನ್ನ ಕೆಲಸ ನೋಡಿ ಮೆಚ್ಚಿ ಹೆಬ್ಬಾಳದ ಆಫೀಸಿನವರೇ ಫೋನ್ ಮಾಡಿದರೆಂದು ನೀನು ತಿಳಿದಿದ್ದೀಯ. "ನಿನ್ ಜಾಗಕ್ಕೆ ಇನ್ನೊಬ್ರನ್ನ ಕೊಡು, ನಿನ್ ವಿಷಯ ಅಲ್ಲಿಗೇ ಮುಗೀತು" ಎಂದು ಮಹೇಂದ್ರ ಸರ್ ಏಪ್ರಿಲ್‌ನಲ್ಲಿ ನನಗೆ ಹೇಳಿದ್ದರು. ನಿನ್ನ ನಂಬರ್ ಕೊಟ್ಟವಳು ನಾನು. ನಿನಗೆ ಎರಡು ವರ್ಷ ನರ್ಸಿಂಗ್ ಅನುಭವವಿದೆ ಎಂದು ಸುಳ್ಳು ಬರೆದು ಸಹಿ ಹಾಕಿದವಳೂ ನಾನೇ.