ಅವರಿಗೂ ಒಂದು ಹೆಸರಿತ್ತು

ಹೊಳವನಹಳ್ಳಿ
೧೪ ಮೇ ೨೦೨೫

ಪ್ರೀತಿಯ ಸಹನಾಳಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಚಿಕ್ಕಪ್ಪನ ಕಿವಿ ಪಕ್ಕದಲ್ಲೇ ಇರುತ್ತದೆ. ಮೊದಲು ಸಿಹಿ ಸುದ್ದಿ ಕೇಳು, ಪಾವಗಡದವರು ಒಪ್ಪಿದರು. ಶ್ರಾವಣದಲ್ಲಿ ನಿನ್ನ ಮದುವೆ, ಗೊರವನಹಳ್ಳಿ ಲಕ್ಷ್ಮಿಯ ಸನ್ನಿಧಿಯಲ್ಲಿ.

ಮೊನ್ನೆ ನಾನೊಬ್ಬಳೇ ಅವರ ಮನೆಗೆ ಹೋಗಿದ್ದೆ. ಹುಡುಗನ ತಾಯಿ ರಾಮಾಂಜಿನಮ್ಮ ಒಬ್ಬಟ್ಟು ಬಡಿಸಿ, ತಾಂಬೂಲದ ತಟ್ಟೆಯನ್ನೂ ತಂದಿಟ್ಟರು. ನಾನು ಒಬ್ಬಟ್ಟು ಮುಟ್ಟಲಿಲ್ಲ. ನಿನ್ನ ಮೊದಲ ಗಂಡ ಆಡಿದ ಮಾತು ನಾಳೆ ಯಾರ ಬಾಯಿಂದಲೋ ಅವರಿಗೆ ಮುಟ್ಟುವ ಬದಲು ನಾನೇ ಹೇಳಿಬಿಡೋಣ ಅನ್ನಿಸಿತು.

"ಅಮ್ಮಾ, ನಮ್ಮುಡುಗಿ ಶಿರಾ ಕಾಲೇಜ್ನಾಗೆ ಪಾಠ ಮಾಡಾಕೆ ಹೋಗಿದ್ದೇ ತಪ್ಪಾಗಿ, ಅವ್ನು ಬೀದೀಲಿ ನಿಂತ್ಕಂಡು ಹಾದರಗಿತ್ತಿ ಅಂದ್ಬುಟ್ಟ. ಇದುನ್ನ ಕೇಳಿದ್ಮೇಲೂ ಮನಸ್ಸಿದ್ರೆ ಎಲೆ ಅಡಿಕೆ ಕೊಡಿ" ಅಂದೆ.

ಆಕೆ ತಟ್ಟೆಯನ್ನು ಅತ್ತ ಸರಿಸಿ ನನ್ನ ಹತ್ತಿರ ಬಂದು ಕೂತರು.

"ಅಂಗಂದ್ರೆ ಏನಮ್ಮಾ ಅರ್ಥ? ನನ್ ಗಂಡನೂ ದಿನಾ ಅಂತಿದ್ದ. ನಾನು ಕೇಳ್ಲೇ ಇಲ್ಲ."

ಹೋದ ಕಾಗದದಲ್ಲಿ ನೀನು ಬರೆದಿದ್ದನ್ನು ಹೇಳಿದೆ. ಹಾದರ ಹಳಗನ್ನಡದಲ್ಲಿ ಪಾದರವಂತೆ, ಅದು ಸಂಸ್ಕೃತದ ಪಾರದಾರದಿಂದ ಬಂದದ್ದಂತೆ. ಅದರ ಮೂಲದ ಪರದಾರ ಅಂದರೆ ಬೇರೆಯವನ ಹೆಂಡತಿ. ಅವಳ ಹಿಂದೆ ಹೋದ ಗಂಡಸು ಹಾದರಿಗ. ಮೊದಲಿಗೆ ಅದು ಗಂಡಸಿನ ತಪ್ಪಿಗೇ ಇಟ್ಟ ಹೆಸರು.

ರಾಮಾಂಜಿನಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅವ್ರ ಸಾಮಾನು ನಮ್ಮನೇಲಿ ಯಾಕಮ್ಮಾ ಇರ್ಬೇಕು? ಅವ್ರಿಗೇ ವಾಪಸ್ ಕೊಟ್ಬುಡಾನ. ತಕಳಮ್ಮಾ ತಾಂಬೂಲ."

ನಿನಗೆಂದು ತೆಗೆದಿಟ್ಟ ಹಸಿರು ಸೀರೆಯನ್ನೂ ತೋರಿಸಿದರು, ಬಲು ಚೆನ್ನಾಗಿದೆ. ಮಧುಗಿರಿ ಬರುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಕಂಡಕ್ಟರು, "ಏನಮ್ಮಾ, ಫ್ರೀ ಟಿಕೆಟ್ಗೆ ಇಷ್ಟೊಂದು ಖುಷಿನಾ?" ಅಂದ.

ಆ ಅತ್ತೆಯ ಜೊತೆ ನಗುನಗುತ್ತಾ ಬಾಳು ಮಗಳೇ. ಲಕ್ಷ್ಮಿ ನಿನ್ನನ್ನು ತಣ್ಣಗಿಡಲಿ.

ಇಂತಿ,
ನಿನ್ನ ಚಿಕ್ಕಮ್ಮ
ಸರೋಜಮ್ಮ

ಮರೆತಿದ್ದೆ: ನಿಮ್ಮ ಚಿಕ್ಕಪ್ಪ ವಾರ ವಾರ ಬುಕ್ಕಾಪಟ್ಟಣಕ್ಕೆ ಯಾರ ಮನೆಗೆ ಹೋಗುತ್ತಾರೆಂದು ಊರಿಗೆಲ್ಲ ಗೊತ್ತು, ಆ ಮನೆಯ ಹೆಂಗಸಿನ ಗಂಡನಿಗೊಬ್ಬನಿಗೆ ಗೊತ್ತಿಲ್ಲ. ಊರವರು ಆಕೆಗೆ ಹಾದರಗಿತ್ತಿ ಅಂದರು, ನನಗೆ ಪಾಪ ಅಂದರು. ಇವರನ್ನು ಮಾತ್ರ ಇವತ್ತಿಗೂ ಯಜಮಾನರು ಅನ್ನುತ್ತಾರೆ. ಇಷ್ಟು ವರ್ಷ ಏನೆಂದು ಬೈಯಬೇಕೋ ತಿಳಿಯದೆ ಒಳಗೊಳಗೇ ಬೆಂದೆ. ನಿನ್ನೆ ಮುದ್ದೆ ಬಡಿಸುತ್ತಾ, ಮೆಲ್ಲಗೆ, "ಹಾದರಿಗ" ಅಂದೆ. ತುತ್ತು ಕೈಯಲ್ಲೇ ಉಳಿಯಿತು. ಅರ್ಥ ಮಾತ್ರ ಕೇಳಲಿಲ್ಲ.